ಅಪ್ಪಯ್ಯನ ದೋಸ್ತಿ

ಬಿಸಿ ಮರಳಿನ ಮೇಲೆ ಕಾಲಿಟ್ಟವರಂತೆ, ಅಂಗಾಲನ್ನು ಪೂರ್ತಿ ಊರದೆ, ಪಾದದ ಅಂಚಿನ ಮೇಲೆ ಹೊರಳಿಸಿ ಹೊರಳಿಸಿ ಅವರು ನಡೆಯುತ್ತಿದ್ದರು. ಗ್ರೀನ್‌ಫರ್ಡ್‌ನ ನಮ್ಮ ಬೀದಿಯಲ್ಲಿ ಆ ನಡಿಗೆ ಕಿಟಕಿಯಿಂದ ಕಂಡರೆ ಸಾಕು, ಅಪ್ಪಯ್ಯ ಟೀವಿ ಆರಿಸಿ ಚಪ್ಪಲಿ ಹುಡುಕುತ್ತಿದ್ದರು. ನಾನು ಆಫೀಸಿನಿಂದ ಬಂದಾಗ ತಲೆ ಎತ್ತಿಯೂ ನೋಡದವರು ಎದುರು ಮನೆಯವರಿಗಾಗಿ ಎದ್ದು ಓಡುತ್ತಿದ್ದರು.

ಎದುರು ಮನೆಯವರು ಇಥಿಯೋಪಿಯಾದವರು, ಬಸ್ ಓಡಿಸಿ ನಿವೃತ್ತರಾದವರು. ಅಪ್ಪಯ್ಯ ಕುಂದಾಪುರದ ಕಡೆಯಿಂದ ಈ ಇಂಗ್ಲಿಷರ ನಾಡಿಗೆ ಬಂದು ಇಲ್ಲಿನ ಹೋಟೆಲೊಂದರ ಅಡುಗೆಮನೆಯಲ್ಲಿ ಆಯುಷ್ಯ ಸವೆಸಿದವರು. ನಾನು ಊರಿನಲ್ಲಿ ಅಮ್ಮನ ಜೊತೆ ಬೆಳೆಯುವಾಗ ಅವರು ನನ್ನ ಪಾಲಿಗೆ ಯಾವಾಗಲೋ ಬಂದುಹೋಗುವ ನೆಂಟ. ಓದು ಮುಗಿಸಿ ನಾನೂ ಇಲ್ಲಿಗೇ ಬಂದು ಕೆಲಸ ಹಿಡಿದೆ. ಅಮ್ಮ ತೀರಿಕೊಂಡ ಮೇಲೆ, ಈಗಲಾದರೂ ಅಪ್ಪಯ್ಯ ನನಗೆ ಸಿಕ್ಕರು ಎಂದುಕೊಂಡು ನನ್ನ ಮನೆಗೆ ಕರೆತಂದೆ. ಸಿಕ್ಕಿದ್ದು ಎದುರು ಮನೆಯವರಿಗೆ.

ಆ ಮನೆಯಲ್ಲಿ ದಿನವೂ ಕಾಫಿ ಬೀಜ ಹುರಿಯುತ್ತಿದ್ದರು. ಹುರಿದ ಬಾಣಲೆಯನ್ನು ಬಂದವರ ಮೂಗಿನ ಹತ್ತಿರ ಹಿಡಿಯುವುದು ಅವರ ಪದ್ಧತಿ. "ಬ್ರದರ್, ಮೊದಲು ಪರಿಮಳ, ಆಮೇಲೆ ಮಾತು" ಎನ್ನುತ್ತಿದ್ದರು. ಒಮ್ಮೆ ನಾನು ರಜೆ ಹಾಕಿ, ಅಪ್ಪಯ್ಯನಿಗೆ ಇಷ್ಟವೆಂದು ಕೆಸುವಿನೆಲೆ ಹುಡುಕಿ ತಂದು ಪತ್ರೊಡೆ ಮಾಡಿದ್ದೆ. ಅಪ್ಪಯ್ಯ ಎದುರು ಮನೆಯಲ್ಲಿ ಹೊಟ್ಟೆ ತುಂಬಿಸಿಕೊಂಡೇ ಬಂದರು.

"ಅವ್ರ್ ಊರಿನ್ ದ್ವಾಸಿ ಕೊಟ್ರ್ ಮಗಾ. ನಮ್ದಕ್ಕಿಂತ ಹುಳಿ, ಆರೆ ಲಾಯ್ಕ್ ಇತ್ತ್."

ಪತ್ರೊಡೆಯನ್ನು ಫ್ರಿಜ್ಜಿಗೆ ತಳ್ಳಿ, ಬಾಗಿಲನ್ನು ಬೇಕೆಂದೇ ಜೋರಾಗಿ ಹಾಕಿದೆ.

ಅರೆಬರೆ ಇಂಗ್ಲಿಷಿನಲ್ಲಿ ಇವರಿಬ್ಬರೂ ಅಷ್ಟು ಹೊತ್ತು ಏನು ಮಾತಾಡುತ್ತಾರೆಂದು ತಿಳಿಯಲು ಒಂದು ಶನಿವಾರ ನಾನೂ ಹೋಗಿ ಕೂತೆ. ಎದುರು ಮನೆಯವರು ನನ್ನನ್ನು ಕಂಡು ಹಿಗ್ಗಿದರು.

"ನಿನ್ನ ತಂದೆ ಎಂಥವರು ಗೊತ್ತೇನಮ್ಮಾ? ಗದ್ದೆ ತಮ್ಮ ಹೆಸರಿಗಾದ ವರ್ಷ, ಮೊದಲ ಕೊಯ್ಲಿನ ಅಕ್ಕಿ ಹೊತ್ತುಕೊಂಡು ಹಳೆಯ ಒಡೆಯರ ಮನೆಗೆ ಹೋದರಲ್ಲ! ಅವರು ಬಾಗಿಲು ತೆರೆಯಲಿಲ್ಲ. ಜಗಲಿಯ ಮೇಲಿಟ್ಟು ಬಂದರು. ಮರುದಿನ ನೋಡಿದರೆ ದನ ತಿನ್ನುತ್ತಿತ್ತು."

ನನಗೆ ಗೊತ್ತಿರಲಿಲ್ಲ. ಉಳುವವನೇ ಒಡೆಯ ಎಂಬ ಕಾನೂನು ಬಂದು ನಮ್ಮ ಗೇಣಿ ಗದ್ದೆ ಸ್ವಂತವಾಯಿತು ಎಂಬುದಷ್ಟೇ ಗೊತ್ತು. ನನ್ನ ಅಪ್ಪಯ್ಯನ ಕಥೆಯನ್ನು ಯಾರದೋ ಸೋಫಾದ ಮೇಲೆ ಕೂತು, ಯಾರದೋ ಬಾಯಿಂದ ಕೇಳುತ್ತಿದ್ದೆ. ಕಾಫಿ ಬಟ್ಟಲನ್ನು ಕುಡಿಯದೆ ಕೆಳಗಿಟ್ಟೆ.

"ನಾನು ಭೂಮಿ ಕಳೆದುಕೊಂಡ ಮನೆಯ ಮಗ" ಎಂದರು ಅವರು. ತಂದೆ ದೊಡ್ಡ ಜಮೀನ್ದಾರರು. ಕಾಲೇಜಿನಲ್ಲಿದ್ದ ಮಗ ಮಾತ್ರ "ಭೂಮಿ ಉಳುವವನಿಗೆ" ಎಂದು ಬೀದಿಯಲ್ಲಿ ಕೂಗಿದವರು. ಅವರ ದೇಶದಲ್ಲಿ ರಾಜನನ್ನು ಇಳಿಸಿದ ಸೈನಿಕರು ಕೆಂಪು ಬಾವುಟ ಹಿಡಿದು ಜಮೀನ್ದಾರರಿಂದ ಭೂಮಿ ಕಿತ್ತುಕೊಂಡ ದಿನ ಇವರು ಕುಣಿದರು. ತಂದೆ ಆಮೇಲೆ ಇವರೊಡನೆ ಮಾತಾಡಲಿಲ್ಲ. ಹೊಸ ಸರ್ಕಾರ ಇವರನ್ನು ಅಕ್ಷರ ಕಲಿಸಲು ಹಳ್ಳಿಗೆ ಕಳಿಸಿತು. ಒಡೆಯರೆದುರು ನೆಲ ನೋಡಿಕೊಂಡೇ ಬದುಕಿದ ಮುದುಕನೊಬ್ಬ ತನ್ನ ಹೆಸರು ಬರೆದು, ತಲೆ ಎತ್ತಿ ನಕ್ಕದ್ದನ್ನು ಹೇಳುವಾಗ ಅವರ ಕಣ್ಣು ಹೊಳೆಯಿತು. ಆದರೆ ಅದೇ ಸರ್ಕಾರ ತನ್ನನ್ನು ಪ್ರಶ್ನಿಸಿದ ವಿದ್ಯಾರ್ಥಿಗಳನ್ನು ಹಿಡಿಯತೊಡಗಿತು. ಇವರ ಅಂಗಾಲಿಗೆ ಹೊಡೆದರು. ತಮ್ಮನನ್ನು ಗುಂಡಿಟ್ಟು ಕೊಂದರು.

"ಹಾಗಾದರೆ ಆ ಕ್ರಾಂತಿ ಆಗಲೇಬಾರದಿತ್ತು, ಅಲ್ಲವಾ?" ಎಂದೆ. ಅವರನ್ನು ಎಲ್ಲಾದರೂ ಸೋಲಿಸಬೇಕಿತ್ತು ನನಗೆ.

"ಭೂಮಿ ಕೊಟ್ಟದ್ದು ಸರಿ. ತಮ್ಮನನ್ನು ಕೊಂದದ್ದು ತಪ್ಪು. ಎರಡನ್ನೂ ಮಾಡಿದ್ದು ಅದೇ ಜನ. ಒಂದೇ ಮಾತಿನಲ್ಲಿ ಹೇಳು ಅಂದರೆ ನನಗೆ ಬರುವುದಿಲ್ಲಮ್ಮ."

ಮನೆಗೆ ಬಂದು ಅಪ್ಪಯ್ಯನ ಮೇಲೆ ರೇಗಿದೆ. "ಇದನ್ನೆಲ್ಲ ನಂಗ್ಯಾಕೆ ಹೇಳ್ಲಿಲ್ಲ?"

"ನಿಂಗ್ ಹೇಳ್ರೆ ಎಂತ ಆತ್ತ್? ಒಡೆದೀರ್ ಮನಿಯವ್ರ್ ಒಬ್ರಿಗೆ ಹೇಳ್ಕ್ ಅಂದೇಳಿ ಇತ್ತ್. ಅವತ್ತ್ ಅವ್ರ್ ಬಾಗ್ಲ್ ತೆರಿಲಿಲ್ಲ. ಇವ್ರ್ ತೆರ್ದ್ರ್."

ಅಷ್ಟು ಕೇಳಿದ ಮೇಲಾದರೂ ನನ್ನ ಸಂಕಟ ಇಳಿಯಬೇಕಿತ್ತು. ಇಳಿಯಲಿಲ್ಲ. ಅಪ್ಪಯ್ಯನಿಗೆ ಬೇಕಾಗಿದ್ದವರು ನಾನು ಎಂದೂ ಆಗಲಾರದ ಒಬ್ಬರು ಎಂದು ತಿಳಿದು ಇನ್ನಷ್ಟು ಉರಿಯಿತು.

ಹೋದ ಚಳಿಗಾಲದಲ್ಲಿ ಎದುರು ಮನೆಯವರು ನಿದ್ದೆಯಲ್ಲೇ ತೀರಿಕೊಂಡರು. ಅವರ ಜನ ಸೇರಿದ್ದ ಹಾಲ್‌ಗೆ ಅಪ್ಪಯ್ಯನನ್ನು ಕರೆದುಕೊಂಡು ಹೋದೆ. ಅಲ್ಲಿ ಹೆಂಗಸರು ಎದೆ ಬಡಿದುಕೊಂಡು ಗಟ್ಟಿಯಾಗಿ ಅಳುತ್ತಿದ್ದರು. ನಾನು ಕಂಗಾಲಾದದ್ದನ್ನು ನೋಡಿ ತೀರಿಕೊಂಡವರ ಹೆಂಡತಿ ನನ್ನ ಕೈ ಹಿಡಿದುಕೊಂಡರು.

"ಇವರ ತಮ್ಮ ಸತ್ತಾಗ ಅಳಬಾರದು ಅಂತ ಅಪ್ಪಣೆಯಾಗಿತ್ತು. ಅತ್ತವರ ಮನೆಗೆ ಸೈನಿಕರು ಬರುತ್ತಿದ್ದರು. ಅತ್ತೆ ಬಾಯಿಗೆ ಬಟ್ಟೆ ತುರುಕಿಕೊಂಡು ಕೂತಿದ್ದರಂತೆ. ಇವತ್ತು ಇಬ್ಬರಿಗೂ ಸೇರಿಸಿ ಅಳುತ್ತಿದ್ದೇವೆ."

ಗಂಡಸರ ಸಾಲಿನಲ್ಲಿ ಅಪ್ಪಯ್ಯ "ಬ್ರದರ್, ಬ್ರದರ್" ಎನ್ನುತ್ತ ಬಿಕ್ಕಿ ಬಿಕ್ಕಿ ಅಳುತ್ತಿದ್ದರು. ಅಮ್ಮ ಹೋದಾಗಲೂ ಅವರು ಹಾಗೆ ಅತ್ತವರಲ್ಲ. ಸತ್ತವರ ಮೇಲೂ ನನಗೆ ಹೊಟ್ಟೆಕಿಚ್ಚಾಯಿತು.

ಈಗ ಭಾನುವಾರ ಮಧ್ಯಾಹ್ನ ಅಪ್ಪಯ್ಯ ತಾವಾಗಿಯೇ ನನ್ನ ಹತ್ತಿರ ಬಂದು ಕೂರುತ್ತಾರೆ. ಅಷ್ಟು ವರ್ಷ ಬಿಗಿದಿದ್ದ ಬಾಯಿಗೆ ಮಾತಿನ ರೂಢಿ ಹಿಡಿಸಿ ಹೋದವರು ಎದುರು ಮನೆಯವರು. ಗದ್ದೆಯ ಮಾತು, ಹೋಟೆಲಿನ ಅಡುಗೆಮನೆಯ ಮಾತು, ಅಮ್ಮನನ್ನು ಮೊದಲು ಕಂಡ ಮಾತು. ಹೇಳುತ್ತ ಹೇಳುತ್ತ ನಡುವೆ ನಿಲ್ಲಿಸುತ್ತಾರೆ.

"ಇದನ್ನ್ ಅವ್ರಿಗೆ ಹೇಳಿದ್ದೆ" ಎನ್ನುತ್ತಾರೆ.

ಇಂದಿಗೂ ಚುರ್ ಎನ್ನುತ್ತದೆ.

"ನಂಗೂ ಹೇಳಿ ಅಪ್ಪಯ್ಯ" ಎನ್ನುತ್ತೇನೆ.