ಹಾಯಿಯ ಹೊಟ್ಟೆ

ಕುರ್ಚಿಯ ಕಾಲು ಅಲ್ಲಾಡಿದರೆ ಹಳೆಯ ಲಗ್ನಪತ್ರಿಕೆಯನ್ನು ನಾಲ್ಕಾಗಿ ಮಡಚಿ ಅದರ ಅಡಿಗೆ ತುರುಕುವ ವರ್ಗಕ್ಕೆ ಸೇರಿದವನು ನಾನು. ಸ್ಥಿರತೆಯೇ ನನ್ನ ಆರಾಧ್ಯದೈವ. ತುಮಕೂರಿನಿಂದ ಹೊರಟ ಬಸ್ಸು ನಾಲ್ಕು ತಿರುವು ದಾಟುವುದರೊಳಗೆ ನಿಂಬೆಹಣ್ಣು ಮೂಸುವ, ಕುಣಿಗಲ್ ಕೆರೆಯನ್ನು ಏರಿಯ ಮೇಲೆ ನಿಂತು ಮಾತ್ರ ಪ್ರೀತಿಸುವ, ಅರವತ್ತೊಂದರ ಪಕ್ವವಯಸ್ಸಿನಲ್ಲೂ ಈಜು ಬಾರದ ಇಂಥವನ ಮನೆಯ ಪಕ್ಕದ ಖಾಲಿ ಸೈಟಿನಲ್ಲಿ, ಹೋದ ವರ್ಷ ಇಪ್ಪತ್ತಾರು ಅಡಿಯ ಹಳೆಯ ಹಾಯಿದೋಣಿಯೊಂದು ಲಾರಿಯಿಂದ ಇಳಿದು ಕುಳಿತಿತೆಂದರೆ ಅದರ ಹಿಂದೆ ಹೆಂಡತಿಯ ಕೈವಾಡವಿರಲೇಬೇಕೆಂದು ನೀವು ಆಗಲೇ ಊಹಿಸಿರುತ್ತೀರಿ.

ನನ್ನ ಹೆಂಡತಿ ವನಜ ಅಮೃತೂರಿನ ಶಾಲೆಯಲ್ಲಿ ಮೂವತ್ತು ವರ್ಷ ಭೂಗೋಳ ಕಲಿಸಿದವಳು. ಅಷ್ಟು ವರ್ಷವೂ ನೀಲಿ ಸೀಮೆಸುಣ್ಣದಲ್ಲಿ ಅರಬ್ಬೀ ಸಮುದ್ರ ಬರೆದು, ಗಂಟೆ ಹೊಡೆದೊಡನೆ ಡಸ್ಟರಿನಿಂದ ಅದನ್ನು ಒರೆಸಿ ಬಂದವಳಿಗೆ, ಒರೆಸಲಾಗದ ಸಮುದ್ರದ ಮೇಲೆ ಒಂದು ವರ್ಷವಾದರೂ ಸಂಸಾರ ಹೂಡಬೇಕೆಂಬ ಆಸೆ ಯಾವಾಗ ಹುಟ್ಟಿತೋ ನನಗೆ ತಿಳಿಯಲಿಲ್ಲ. ಎರಡು ಬೇಸಿಗೆ ರಜೆ ಕರಾವಳಿಗೆ ಹೋಗಿ ಹಾಯಿದೋಣಿ ನಡೆಸುವುದನ್ನು ಕಲಿತಳು. ನಿವೃತ್ತಿಯಾದ ಮೇಲೆ ಕಾರವಾರದ ವೃದ್ಧ ನಾವಿಕರೊಬ್ಬರ ದೋಣಿಯನ್ನು ಕೊಂಡು ತಂದಳು. ಮಳೆಗಾಲ ಮುಗಿದೊಡನೆ ಅದು ನೀರಿಗಿಳಿಯಬೇಕಿತ್ತು. ನಾನೂ ಜೊತೆಗೆ ಬರುತ್ತೇನೆಯೇ ಎಂದು ಅವಳು ಒಮ್ಮೆ ಕೇಳಿದಳು, ನಾನು ‘ನೋಡೋಣ’ ಎಂದೆ. ಮತ್ತೆ ಕೇಳಲಿಲ್ಲ.

ದುರಸ್ತಿಯೆಲ್ಲ ನಮ್ಮ ಒಣನೆಲದವರಿಂದಲೇ ಆಯಿತು. ಒಳಗಿನ ಮರಗೆಲಸಕ್ಕೆ ಬಂದ ನಿಟ್ಟೂರಿನ ಆಚಾರಿಯವರು, ನಾವು ಕೇಳದೆಯೇ, ದೋಣಿಯ ಪುಟ್ಟ ಬಾಗಿಲಿಗೆ ಗೇಣೆತ್ತರದ ಹೊಸ್ತಿಲು ಕೂರಿಸಿಬಿಟ್ಟರು. “ಬಾಗ್ಲು ಅಂದ್ಮೇಲೆ ಹೊಸ್ತಿಲು ಬ್ಯಾಡ್ವಾ ಸಾರ್?” ಎಂಬ ಅವರ ಪ್ರಶ್ನೆಗೆ ನಾನು ನಕ್ಕೆ, ವನಜ ನಗಲಿಲ್ಲ. ಅಲೆಯ ನೀರು ಒಳನುಗ್ಗದಿರಲು ಹಡಗಿನವರೂ ಹಾಗೆಯೇ ಎತ್ತರದ ಹೊಸ್ತಿಲಿಡುತ್ತಾರಂತೆ. ಸಮುದ್ರವನ್ನೇ ನೋಡದ ಆಚಾರಿಯವರಿಗೆ ಅವಳು ಎರಡು ಲೋಟ ಕಾಫಿ ಕೊಟ್ಟಳು, ನನಗೆ ಒಂದೇ.

ಹಾಯಿಯ ಹೊಣೆ ಮಾತ್ರ ನನ್ನ ಪಾಲಿಗೆ ಬಂತು. ಅಲ್ಲಲ್ಲಿ ಹೊಲಿಗೆ ಬಿಟ್ಟಿದ್ದ ಆ ಹಳೆಯ ಬಟ್ಟೆಯನ್ನು ಗುಬ್ಬಿಯಲ್ಲಿ ಲಾರಿಗಳಿಗೂ ಕೊಬ್ಬರಿ ರಾಶಿಗಳಿಗೂ ಟಾರ್ಪಾಲು ಹೊಲಿಯುವ ನಂಜುಂಡಪ್ಪನವರ ಬಳಿಗೆ ಒಯ್ದೆ. ಅವರು ಅದನ್ನು ಅಂಗಳದಲ್ಲಿ ಹಾಸಿ, ಸುತ್ತ ಒಂದು ಪ್ರದಕ್ಷಿಣೆ ಹಾಕಿ, ಹುಬ್ಬು ಗಂಟಿಕ್ಕಿದರು.

“ಮಧ್ಯ ಉಬ್ಬೈತೆ ಸಾರ್. ಯಾವನೋ ಕೆಲ್ಸ ಗೊತ್ತಿಲ್ದೋನು ಹೊಲ್ದವ್ನೆ. ಸಪಾಟು ಮಾಡಿ ಕೊಡ್ತೀನಿ ಬುಡಿ.”

ಸಪಾಟು ಎಂಬ ಶಬ್ದ ಕಿವಿಗೆ ಬಿದ್ದೊಡನೆ ನನ್ನಂಥ ಸ್ಥಿರತೋಪಾಸಕನಿಗೆ ಎಷ್ಟು ಆನಂದವಾಗಿರಬೇಕು ನೀವೇ ಹೇಳಿ. “ಮಾಡಿಬಿಡಿ” ಎಂದೆ. ವನಜಳಿಗೆ ಫೋನು ಮಾಡಿ ಕೇಳಬಹುದಿತ್ತು, ಕೇಳಲಿಲ್ಲ.

ವಾರದ ನಂತರ ಆ ಹಾಯಿಯನ್ನು ತಾರಸಿಯ ಮೇಲೆ ಬಿಡಿಸಿದಾಗ ಅದು ಇಸ್ತ್ರಿ ಮಾಡಿದ ಪಂಚೆಯಂತೆ ಮಲಗಿತ್ತು. ವನಜ ಅದರ ಮೇಲೆ ಕೈಯಾಡಿಸಿ ಹಾಗೆಯೇ ಕುಳಿತುಬಿಟ್ಟಳು. ಹಾಯಿಗೆ ಹೊಟ್ಟೆ ಇರಬೇಕು, ಗಾಳಿ ದುಡಿಯುವುದೇ ಆ ಹೊಟ್ಟೆಯಲ್ಲಿ, ಚಪ್ಪಟೆ ಬಟ್ಟೆ ಕಟ್ಟಿದರೆ ದೋಣಿ ಸರಿಯಾಗಿ ಮುಂದೆ ಸಾಗದು ಎಂಬ ಪಾಠವನ್ನು ತಗ್ಗಿದ ದನಿಯಲ್ಲಿ ಮುಗಿಸಿ, ಆಮೇಲೆ ಹೇಳಿದಳು:

“ರೀ, ಹೋಗೋದು ಬೇಡ ಅಂತ ಬಾಯ್ಬಿಟ್ಟು ಹೇಳ್ಬೋದಿತ್ತಲ್ವಾ?”

ಬೇಕೆಂದೇ ಮಾಡಿದ್ದಲ್ಲ ಎಂದು ಆಣೆಯಿಡಬಲ್ಲೆ. ಆದರೆ ನಿಮ್ಮೊಡನೆ ಸುಳ್ಳಾಡಲಾರೆ: ಈ ಹಾಯಿ ಇನ್ನು ನಡೆಯದು ಎಂದು ತಿಳಿದ ಆ ಕ್ಷಣದಲ್ಲಿ ಮನಸ್ಸಿನ ಯಾವುದೋ ಮೂಲೆಯಲ್ಲಿ ನನಗೆ ನೆಮ್ಮದಿಯಾಯಿತು. ಅವಳು ಅದನ್ನು ನನ್ನ ಮುಖದ ಮೇಲೆ ಓದಿದಳು. ನಲವತ್ತು ವರ್ಷದ ದಾಂಪತ್ಯದಲ್ಲಿ ನನ್ನ ಬಗ್ಗೆ ನನಗೆ ಅಷ್ಟು ನಾಚಿಕೆಯಾದದ್ದು ಅದೇ ಮೊದಲು.

ಮರುದಿನ ಬೆಳಿಗ್ಗೆಯೇ ಇಬ್ಬರೂ ಗುಬ್ಬಿಗೆ ಹೋದೆವು. ವನಜ ಕರವಸ್ತ್ರದ ಎರಡು ತುದಿ ಹಿಡಿದು ಬಾಯಿಂದ ಊದಿ ತೋರಿಸಿದಳು. ನಂಜುಂಡಪ್ಪ ನೋಡಿ ತಲೆಯ ಮೇಲೆ ಕೈಯಿಟ್ಟುಕೊಂಡರು. ಬಟ್ಟೆ ಹಾಳಾಯಿತಲ್ಲ ಎಂದು ನಾನು ಗೊಣಗಿದೆ.

“ಹಾಳ್ಯಾಕಾಯ್ತದೆ? ಕತ್ರಿ ಮುಟ್ಟಿಸಿಲ್ಲ ಕಣ್ ಸಾರ್. ಹಳೇ ಬಟ್ಟೆ ರಿಪೇರಿಗೆ ಬಂದ್ರೆ ಮಡಚಿ ಹೊಲೀಬೇಕು, ಕತ್ತರಿಸ್ಬಾರ್ದು ಅಂತ ನಮ್ಮಪ್ಪ ಕಲಿಸ್ಕೊಟ್ಟವ್ರೆ. ಬಿಚ್ಚಿದ್ರೆ ಎಲ್ಲಾ ಹಂಗಂಗೇ ಐತೆ.”

ನಾನೆಂದೂ ಕಾಣದ ಆ ತಂದೆಗೆ ಅಲ್ಲೇ ಮನಸ್ಸಿನಲ್ಲಿ ನಮಸ್ಕಾರ ಮಾಡಿದೆ. ತಪ್ಪು ಮಾಡುವಾಗಲೂ ತಿದ್ದಲು ಜಾಗ ಉಳಿಸುವ ಇಂಥದೊಂದು ಶಿಸ್ತು, ಕಡತಗಳ ನಡುವೆ ಆಯುಷ್ಯ ಕಳೆದ ನನಗೆ ಯಾರೂ ಕಲಿಸಿರಲಿಲ್ಲ.

ಮೂವರೂ ಅಂಗಳದಲ್ಲಿ ಚಕ್ಕಳಮಕ್ಕಳ ಹಾಕಿ ಕುಳಿತು ಬ್ಲೇಡಿನಿಂದ ಹೊಲಿಗೆ ಬಿಚ್ಚಿದೆವು. ಮಡಿಕೆ ಬಿಟ್ಟುಕೊಂಡಂತೆಲ್ಲ ಬಟ್ಟೆ ಮೆಲ್ಲಗೆ ಉಬ್ಬಿತು. ವಯಸ್ಸಾಗಿ ಅತಿಯಾಗಿ ಜೋತುಬಿದ್ದ ಕಡೆ ಒಂದೆರಡು ಮಡಿಕೆ ಹಾಗೆಯೇ ಇರಲಿ ಎಂದಳು ವನಜ, ನನ್ನ ಉದರದತ್ತ ಒಮ್ಮೆ ನೋಡಿ. ಅವಳು ನನ್ನನ್ನು ಗೇಲಿ ಮಾಡಿದ್ದು ಎರಡು ದಿನದಲ್ಲಿ ಅದೇ ಮೊದಲು, ಪ್ರಾಣ ಬಂದಂತಾಯಿತು. ಆಗ ಹೇಳಿದೆ, ನನಗೆ ನೀರೆಂದರೆ ಭಯ, ಬರೀ ತಲೆಸುತ್ತಲ್ಲ, ನಿಜವಾದ ಭಯ ಎಂದು. “ಗೊತ್ತು” ಎಂದಳು. “ನಂಗೂ ಇದೆ.”

ಕೆಲಸ ಮುಗಿಯುವ ಹೊತ್ತಿಗೆ ಅವಳು ಲಾರಿಯ ಹಗ್ಗದಷ್ಟು ಗಟ್ಟಿಯಾದ ಪಟ್ಟಿಯೊಂದನ್ನು ಚೀಲದಿಂದ ತೆಗೆದಳು. ಅಲೆ ಎತ್ತಿ ಎಸೆಯದಂತೆ ಎದೆಗೆ ತೊಟ್ಟು ದೋಣಿಗೆ ಬಿಗಿದುಕೊಳ್ಳುವ ಕವಚ ಹೊಲಿಸಬೇಕಿತ್ತು.

“ಎಷ್ಟು ಹೊಲೀಲಿ ಮೇಡಂ, ಎರಡಾ?” ಎಂದರು ನಂಜುಂಡಪ್ಪ.

ವನಜ ನನ್ನ ಕಡೆ ನೋಡದೆ ಪಟ್ಟಿಯ ಸುಕ್ಕು ತೆಗೆಯುತ್ತ, “ಒಂದು ಸಾಕು” ಎಂದಳು.

ನಾನು ಎದ್ದೆ. ನಂಜುಂಡಪ್ಪನವರ ಮುಂದೆ ಹೋಗಿ, ಅಳತೆಗೆ ಅನುಕೂಲವಾಗುವಂತೆ, ಎರಡೂ ಕೈ ಎತ್ತಿ ನಿಂತೆ. ಅವರು ನನ್ನ ಸುತ್ತ ಟೇಪು ಹಾಯಿಸಿ ಅಳತೆ ಕೂಗಿದರು.

“ಎರಡಿಂಚು ಜಾಸ್ತಿ ಬಿಡಿ,” ಎಂದಳು ವನಜ. “ಸಮುದ್ರದ ಮೇಲೆ ಹಸಿವು ಹೆಚ್ಚಂತೆ.”