ಪದ್ಮತ್ತೆಯ ಬಾಯಾರಿಕೆ

ಹಳೇಬೀಡಿನ ನಮ್ಮ ಮನೆಯಲ್ಲಿ ಆಗ ಸಂಜೆಯೂಟ ಬಿಸಿಲಿರುವಾಗಲೇ ಮುಗಿಯುತ್ತಿತ್ತು. ಬಸದಿಯ ಬೀದಿಯಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದ ನಮ್ಮನ್ನು ಪದ್ಮತ್ತೆ ಬಂದು ಎಳೆದೊಯ್ಯುತ್ತಿದ್ದಳು. ಅಪ್ಪನ ತಂಗಿ; ಗಂಡ ತೀರಿಕೊಂಡ ಮೇಲೆ ತವರಿಗೆ ಬಂದವಳು. ಜೈನರ ಮನೆ. ಹೊತ್ತು ಮುಳುಗಿದರೆ ಊಟವಿಲ್ಲ, ದೊಡ್ಡವರಿಗೆ ನೀರೂ ಇಲ್ಲ.

ಆ ವರ್ಷ ಭಾದ್ರಪದದ ಉಪವಾಸ ಮುಗಿದರೂ ಅತ್ತೆ ಸೊರಗುತ್ತಲೇ ಹೋದಳು. ತಾತ ಆಯುರ್ವೇದದ ಪಂಡಿತರನ್ನು ಕರೆಸಿದರು. ಅವರ ಅಂಗಿಯಿಂದ ಶುಂಠಿ, ಎಳ್ಳೆಣ್ಣೆಯ ವಾಸನೆ ಬರುತ್ತಿತ್ತು. ಅತ್ತೆಯ ಎಡಗೈ ಹಿಡಿದು ಮೂರು ಬೆರಳಿಟ್ಟು ಕಣ್ಣು ಮುಚ್ಚಿದರು. ನಾಡಿ ಅರ್ಧ ಮಾತ್ರ ಹೇಳುತ್ತದೆ, ರೋಗದ ಮೂಲ ರೋಗಿಯೇ ಹೇಳಬೇಕು ಎನ್ನುತ್ತ ನಿದ್ದೆ, ಹಸಿವು ವಿಚಾರಿಸಿದರು.

"ರಾತ್ರಿ ಬಾಯಾರಿಕೆ ಹೆಂಗಮ್ಮ?"

ತಾತ ಉತ್ತರಿಸಿದರು. "ನಮ್ಮನೇಲಿ ಹೊತ್ತು ಮುಳುಗಿದ್ಮೇಲೆ ಯಾರೂ ಲೋಟ ಮುಟ್ಟಲ್ಲ ಪಂಡಿತ್ರೆ."

"ನಾಡಿ ಅವರ್ದು, ಉತ್ತರ ನಿಮ್ದಾ ಯಜಮಾನ್ರೆ?"

ಎಲ್ಲರೂ ನಕ್ಕರು. ಅತ್ತೆಯೂ ನಕ್ಕಳು. ಉಪವಾಸದ ನಿತ್ರಾಣವೆಂದು ಪಂಡಿತರು ತೀರ್ಮಾನಿಸಿದರು. ಜೇನು ನಮಗೆ ನಿಷಿದ್ಧ, ಹಾಗಾಗಿ ಬೆಲ್ಲದ ಪಾಕದಲ್ಲೇ ಲೇಹ್ಯ ಕಾಯಿಸಿ ಕಳಿಸಿದರು. ಬೆರಳಿಗಂಟಿದ್ದನ್ನು ಅತ್ತೆ ನನಗೆ ನೆಕ್ಕಿಸುತ್ತಿದ್ದಳು. ಏಲಕ್ಕಿಯ ಘಮ, ಹಸುವಿನ ತುಪ್ಪ. ಅಷ್ಟು ರುಚಿಯಾದ ಔಷಧಿ ನಾನು ಮತ್ತೆ ತಿಂದಿಲ್ಲ.

ದೀಪಾವಳಿಯ ಹೊತ್ತಿಗೆ ಅವಳ ಕಾಲಿನ ಒಂದು ಸಣ್ಣ ಗುಳ್ಳೆ ಒಡೆದು ಕಪ್ಪಾಯಿತು. ಮತ್ತೆ ಬಂದ ಪಂಡಿತರು ಕಾಲು ತೊಳೆಯಲು ಹಿತ್ತಲಿಗೆ ಹೋದರು. ಬಚ್ಚಲ ಮೋರಿಯ ಬಳಿ ಇರುವೆ ಮುತ್ತಿದ್ದವು. ಅವನ್ನು ನಾನು ಕಂಡೆನೋ, ಆಮೇಲೆ ಓದಿದ್ದನ್ನು ನೆನಪಿಗೆ ಸೇರಿಸಿಕೊಂಡೆನೋ, ಹೇಳಲಾರೆ. ಒಳಬಂದ ಪಂಡಿತರ ಮುಖ ಮಾತ್ರ ಚೆನ್ನಾಗಿ ನೆನಪಿದೆ. ಅವರು ಏನನ್ನೂ ಕೇಳುವ ಮೊದಲೇ ಬಾಗಿಲ ಹಿಂದಿನಿಂದ ಅಮ್ಮ ಅಂದಳು:

"ರಾತ್ರಿ ತುಂಬಿಸಿಟ್ಟ ಕೊಡ ಬೆಳಗ್ಗೆ ಬರಿದಾಗಿರ್ತಿತ್ತು. ಮಾವನೋರ ಮುಂದೆ ಹೆಂಗೆ ಹೇಳ್ಲಿ?"

ತಾತ ತಲೆಯೆತ್ತಲಿಲ್ಲ. ಇದು ಸಿಹಿಮೂತ್ರ, ಲೇಹ್ಯ ನಿಲ್ಲಿಸಿ, ಈಗಲೇ ಅರಸೀಕೆರೆ ಆಸ್ಪತ್ರೆಗೆ ಕರೆದೊಯ್ಯಿರಿ ಎಂದರು ಪಂಡಿತರು. ಅಪ್ಪ ಅತ್ತೆಯನ್ನು ಎತ್ತಿಕೊಂಡೇ ಬಸ್ಸು ಹತ್ತಿಸಿದ. ಅಷ್ಟರಲ್ಲಿ ಕಾಲಿನ ನಂಜು ಮೈಗೆಲ್ಲ ಏರಿತ್ತು. ಅವಳು ವಾಪಸು ಬಂದದ್ದು ಬಾಡಿಗೆ ವ್ಯಾನಿನಲ್ಲಿ, ಬಿಳಿ ಬಟ್ಟೆ ಹೊದ್ದು. ತಾತ ಅಂದೂ ಹೊತ್ತು ಮುಳುಗಿದ ಮೇಲೆ ನೀರು ಮುಟ್ಟಲಿಲ್ಲ. ಅದು ನಿಯಮವೋ, ಪಶ್ಚಾತ್ತಾಪವೋ, ನನಗೆ ಇಂದಿಗೂ ತಿಳಿದಿಲ್ಲ.

ಈಗ ಆ ಕಾಯಿಲೆ ನನಗೂ ಇದೆ. ಅರಸೀಕೆರೆಯ ಲ್ಯಾಬಿನಲ್ಲಿ ಬೆರಳಿಗೆ ಸೂಜಿ ಚುಚ್ಚುತ್ತಾರೆ, ಯಂತ್ರ ಅಂಕಿ ತೋರಿಸುತ್ತದೆ. ಯಾರೂ ಏನೂ ಕೇಳುವುದಿಲ್ಲ; ಕೇಳಬೇಕಾಗಿಯೂ ಇಲ್ಲ. ಅದು ಒಳ್ಳೆಯದೇ. ಆ ಯಂತ್ರ ಅಂದು ಇದ್ದಿದ್ದರೆ ಅತ್ತೆ ಬದುಕುತ್ತಿದ್ದಳು.

ಆದರೂ ಕೂತು ನೆನೆದಾಗ ತಾತನ ಉತ್ತರ ಅಕ್ಷರ ಬಿಡದೆ ಕೇಳಿಸುತ್ತದೆ. ಪಂಡಿತರ ಕುಚೋದ್ಯ, ಅಮ್ಮನ ಪಿಸುಮಾತು, ಎಲ್ಲ ಕೇಳಿಸುತ್ತವೆ. ಅತ್ತೆಯ ದನಿ ಹೇಗಿತ್ತೆಂದು ಮಾತ್ರ ಎಷ್ಟು ಹುಡುಕಿದರೂ ಸಿಗುವುದಿಲ್ಲ.