ಕಬ್ಬಿನ ಅಂಶ

ನಾನು ಬನಹಟ್ಟಿಯ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತೇನೆ. ಒಂದು ಅಕ್ಷರ ತಪ್ಪಿದರೆ ಅರ್ಥವೇ ಕೆಟ್ಟುಹೋಗುತ್ತದೆ ಎಂದು ಮಕ್ಕಳ ಮುಂದೆ ಗಂಟಲು ಹರಿದುಕೊಳ್ಳುವುದು ನನ್ನ ಕೆಲಸ. ಈ ಟೀಚರಿಗೆ ಬೇರೆ ಉದ್ಯೋಗವಿಲ್ಲ ಎಂದು ಮಕ್ಕಳು ತಮ್ಮತಮ್ಮಲ್ಲೇ ನಗುತ್ತಾರೆ. ಹೋದ ವರ್ಷದ ಕಬ್ಬಿನ ಹಂಗಾಮು ಮುಗಿದ ಮೇಲೆ ಆ ಮಾತು ಹೇಳುವುದನ್ನೇ ಬಿಟ್ಟಿದ್ದೇನೆ. ಒಂದು ಅಕ್ಷರದಿಂದ ನಮ್ಮ ಮನೆಯಲ್ಲಿ ಏನು ಕೆಟ್ಟಿತೆಂದು ಕಣ್ಣಾರೆ ನೋಡಿದ ಮೇಲೆ ಅದನ್ನು ಪಾಠದ ಹಾಗೆ ಹೇಳಲು ನಾಲಿಗೆ ಏಳುವುದಿಲ್ಲ.

ಅಪ್ಪ, ಅವ್ವ ಹಿಪ್ಪರಗಿಯ ತೋಟದ ಮನೆಯಲ್ಲಿ ಅಣ್ಣ ಮತ್ತು ವೈನಿಯ, ಅಂದರೆ ಅತ್ತಿಗೆಯ, ಜೊತೆಗಿದ್ದಾರೆ. ಅಂಗಳ ಮುಗಿದಲ್ಲಿಂದಲೇ ಕಬ್ಬು. ಅಪ್ಪ ಹೊಲದಿಂದ ಬಂದು ಕಟ್ಟೆಯ ಮೇಲೆ ಕೂತನೆಂದರೆ ಅವ್ವ ಒಂದು ಚೂರು ಬೆಲ್ಲ, ಒಂದು ತಂಬಿಗೆ ನೀರು ತಂದು ಕೊಡುವುದು ನಾನು ಹುಟ್ಟುವ ಮೊದಲಿನಿಂದ ಬಂದ ಪದ್ಧತಿ. ಜಗಳವಾಡಿದ ದಿನವೂ ಅದು ತಪ್ಪುತ್ತಿರಲಿಲ್ಲ. ಅಂಥ ದಿನ ತಂಬಿಗೆಯನ್ನು ತುಸು ಜೋರಾಗಿ ಕುಕ್ಕುತ್ತಿದ್ದಳು, ಅಷ್ಟೇ. ಅಪ್ಪ ಅವಳನ್ನು ಎಂದೂ ಹೆಸರು ಹಿಡಿದು ಕರೆದವನಲ್ಲ. ಏ ಇಕಿನ, ಎಲ್ಲದಿ, ನೀರ ತಾ ಅನ್ನುತ್ತಿದ್ದ. ಬೆಲ್ಲವನ್ನು ಕಚ್ಚಿ ಅರ್ಧ ಮಾಡಿ, ಉಳಿದರ್ಧ ಅವಳ ಕೈಗೆ ಹಾಕುತ್ತಿದ್ದ. ಅವರಿಬ್ಬರ ನಡುವೆ ನಾನು ಕಂಡ ಪ್ರೀತಿ ಎಂದರೆ ಅದೊಂದೇ.

ಅವ್ವನಿಗೆ ಮರೆವು ಶುರುವಾದದ್ದು ಸಾರಿಗೆ ಎರಡೆರಡು ಸಲ ಉಪ್ಪು ಹಾಕುವುದರಿಂದ. ಆಮೇಲೆ ಬಚ್ಚಲಿನ ದಾರಿ ತಪ್ಪಿತು. ಆಮೇಲೆ ನಮ್ಮ ಹೆಸರುಗಳು ಹೋದವು. ಹಿನ್ನೀರಿನಲ್ಲಿ ಎಂದೋ ಮುಳುಗಿಹೋದ, ಬೀಳಗಿ ಕಡೆಯ ತನ್ನ ತವರುಮನೆಗೆ ಹೊರಡುತ್ತೇನೆಂದು ಸಂಜೆಯಾದರೆ ಗಂಟು ಕಟ್ಟಿಕೊಂಡು ನಿಲ್ಲುತ್ತಿದ್ದಳು. ನಮ್ಮ ಕಡೆ ಟೀಚರನ್ನು ಕರೆಯುವ ಹಾಗೆ ನನ್ನನ್ನು ಅಕ್ಕಾರ ಎಂದು ಕರೆಯತೊಡಗಿದಳು. ಸಾಲಿ ಕಲಿಸುವವಳು ಎಂಬುದು ನೆನಪಿತ್ತು, ಹೊಟ್ಟೆಯಲ್ಲಿ ಹುಟ್ಟಿದವಳು ಎಂಬುದು ಇರಲಿಲ್ಲ. ಕೂಡ್ರಿ ಅಕ್ಕಾರ, ಚಾ ಕುಡೀರಿ ಎಂದು ನನಗೆ ಉಪಚಾರ ಮಾಡಿದ ದಿನ ನನಗೆ ಎಷ್ಟು ಸಿಟ್ಟು ಬಂದಿತೆಂದರೆ, ವಾಪಸ್ಸು ಬರುವಾಗ ಆ ಸಿಟ್ಟನ್ನೆಲ್ಲ ಚಿಲ್ಲರೆಯ ನೆಪದಲ್ಲಿ ಕಂಡಕ್ಟರನ ಮೇಲೆ ತೀರಿಸಿಕೊಂಡೆ. ರಬಕವಿ ಸ್ಟ್ಯಾಂಡಿನಲ್ಲಿ ಇಳಿದು ಅತ್ತೆ.

ಅಪ್ಪನೊಬ್ಬ ಮಾತ್ರ ಅವಳ ನೆನಪಿನಲ್ಲಿ ಉಳಿದಿದ್ದ. ಬೆಲ್ಲ ಕೊಡುವ ಕೆಲಸವನ್ನು ಅವ್ವ ಮರೆತ ಮೇಲೆ ಅದನ್ನು ಅಪ್ಪ ತಾನು ವಹಿಸಿಕೊಂಡ. ಹೊಲದಿಂದ ಬಂದವನೇ ಕೈಕಾಲು ತೊಳೆದು, ಡಬ್ಬಿಯಿಂದ ಒಂದು ಚೂರು ತೆಗೆದು ಅವಳ ಅಂಗೈಯಲ್ಲಿಡುತ್ತಿದ್ದ. ಅವಳು ಅರ್ಧ ಕಚ್ಚಿ, ಇನ್ನರ್ಧವನ್ನು ಅವನ ಕಡೆ ಚಾಚಿ, ನೀವೂ ತಗೋರಿ ಅನ್ನುತ್ತಿದ್ದಳು. ವೈನಿ ಕೊಟ್ಟರೆ ಪೂರ್ತಿ ತಾನೇ ತಿನ್ನುತ್ತಿದ್ದಳು, ನಾನು ಕೊಟ್ಟರೂ ಅಷ್ಟೇ. ಅರ್ಧ ಸಿಗುತ್ತಿದ್ದುದು ಅವನೊಬ್ಬನಿಗೆ. ಅದಕ್ಕಾಗಿ ಅಪ್ಪ ಬೆಳಗಿನಿಂದ ಸಂಜೆಯವರೆಗೆ ನೆವ ಮಾಡಿಕೊಂಡು ಹೊಲದಿಂದ ಮನೆಗೆ ಬರುತ್ತಿದ್ದ. ಮಾಂವಾರಿಗೆ ಈ ವಯಸ್ಸಿನಾಗ ಪ್ರೀತಿ ಉಕ್ಕೈತಿ ಎಂದು ವೈನಿ ಬಾಯಿಗೆ ಸೆರಗು ಹಿಡಿದು ನಗುತ್ತಿದ್ದಳು. ನಾನೂ ನಗುತ್ತಿದ್ದೆ, ಹೊಟ್ಟೆಕಿಚ್ಚೂ ಪಡುತ್ತಿದ್ದೆ.

ಆ ಸುಮಾರಿಗೆ ಅವ್ವನ ತಲೆಯ ಸ್ಕ್ಯಾನ್ ಮಾಡಿಸಿಕೊಂಡು, ಜಮಖಂಡಿಗೆ ವಾರಕ್ಕೊಮ್ಮೆ ಬರುವ ನರರೋಗದ ಡಾಕ್ಟರರಿಗೆ ತೋರಿಸಲು ಹೋದೆವು. ಮೈಸೂರು ಕಡೆಯವರು, ಒಳ್ಳೆಯ ಮನುಷ್ಯ, ಬಾಯಿಗೆ ಮಾಸ್ಕು, ಮೆತ್ತಗಿನ ಮಾತು. ನಾನು ಕೇಳಿದ್ದಕ್ಕೆಲ್ಲ ಬೇಸರಿಸದೆ ಹೇಳಿದರು. ಸ್ಕ್ಯಾನಿನಲ್ಲಿ ಮೆದುಳಿನೊಳಗೆ ಕಬ್ಬಿಣದ ಅಂಶ ಜಾಸ್ತಿ ಕಂಡಿದೆ ಎಂದರು. ಕಬ್ಬಿಣದ ಅಂಶ ಮೈಗೂ ಬೇಕು, ಮೆದುಳಿಗೂ ಬೇಕು. ಎಲ್ಲಿಗೆ ಎಷ್ಟು ಹೋಗಬೇಕೆಂದು ನೋಡಿಕೊಳ್ಳುವ ಒಂದು ಏರ್ಪಾಡು ದೇಹದಲ್ಲಿರುತ್ತದೆ. ಈ ಮರೆವಿನ ಕಾಯಿಲೆಯಲ್ಲಿ ಆ ಏರ್ಪಾಡು ತಪ್ಪಿ ಮೆದುಳಿನಲ್ಲಿ ಅದು ಜಮೆಯಾಗುತ್ತದೆ. ಅಲ್ಲಿ ಕಾವಲಿಗಿರುವ ಜೀವಕೋಶಗಳು ಕೆರಳಿ ಉರಿಯೂತ ಏಳುತ್ತದೆ. ಕೆರಳಿದ ಕೋಶಗಳು ಇನ್ನಷ್ಟು ಕಬ್ಬಿಣವನ್ನು ಹಿಡಿದಿಟ್ಟುಕೊಳ್ಳುತ್ತವೆ. ಯಾವುದು ಮೊದಲು, ಯಾವುದು ಆಮೇಲೆ ಎಂದು ತಿಳಿದವರಿಗೂ ಇನ್ನೂ ಪೂರ್ತಿ ಗೊತ್ತಿಲ್ಲ. ಊಟದಿಂದ ಬಂದದ್ದಲ್ಲ, ಹೊರಗೆ ತೆಗೆದು ಗುಣ ಮಾಡುವ ಮದ್ದೂ ಸದ್ಯಕ್ಕಿಲ್ಲ ಎಂದರು.

ಅವರ ಬಾಯಲ್ಲಿ ಣಕಾರ ನಕಾರವಾಗುತ್ತಿತ್ತು. ಕನ್ನಡದ ಟೀಚರು ತಾನೇ, ಅದು ನನ್ನ ಕಿವಿಗೆ ಬಿದ್ದು ಒಳಗೊಳಗೇ ನಗು ಬಂತು. ನಮ್ಮ ಕಡೆ ಆ ಲೋಹಕ್ಕೆ ಯಾರೂ ಕಬ್ಬಿಣ ಅನ್ನುವುದಿಲ್ಲ, ಕಬ್ಣ ಅನ್ನುತ್ತಾರೆ. ಅಪ್ಪ ಬಾಗಿಲ ಹತ್ತಿರದ ಬೆಂಚಿನ ಮೇಲೆ ಅವ್ವನ ಕೈ ಹಿಡಿದು ಕೂತಿದ್ದ. ಅರ್ಧಂಬರ್ಧ ಕೇಳಿಸಿದರೂ ಎಲ್ಲದಕ್ಕೂ ಹೌದ್ರಿ, ಹೌದ್ರಿ ಎಂದು ತಲೆಯಾಡಿಸುತ್ತಿದ್ದ.

ದೀಪಾವಳಿ ಕಳೆದ ಮೇಲೆ ನಾನು ಊರಿಗೆ ಹೋದಾಗ ಮನೆಯ ನಡೆಯೇ ಬದಲಾಗಿತ್ತು. ಮುಧೋಳ ಕಡೆಯ ಗಾಣದಿಂದ ತರಿಸಿದ್ದ ಬೆಲ್ಲದ ಪೆಂಟಿಗಳನ್ನೆಲ್ಲ, ಮನೆಯಲ್ಲಿದ್ದ ಸಕ್ಕರೆಯನ್ನೂ ಅಪ್ಪ ಕಬ್ಬು ಕಡಿಯುವ ಗ್ಯಾಂಗಿನವರಿಗೆ ಹಂಚಿಬಿಟ್ಟಿದ್ದ. ಕಾರ್ಖಾನೆಗೆ ಟ್ರ್ಯಾಕ್ಟರುಗಟ್ಟಲೆ ಕಬ್ಬು ಕಳಿಸುವ ಮನೆಯಲ್ಲಿ ಚಹಾಕ್ಕೆ ಸಕ್ಕರೆಯಿಲ್ಲ ಎಂದು ವೈನಿ ಹಣೆ ಚಚ್ಚಿಕೊಂಡಳು. ಅಂಗಳದ ಪಕ್ಕದ ಕಬ್ಬನ್ನು ಬಲಿಯುವ ಮೊದಲೇ ಕಡಿಸಿದ್ದ. ಕಡಿದ ಹೊಲದ ರವದಿಗೆ, ಅಂದರೆ ಒಣಗರಿಗೆ, ವರ್ಷವೂ ಬೆಂಕಿ ಹಚ್ಚುವವನು ಈ ಸಲ ಹಚ್ಚಗೊಡಲಿಲ್ಲ. ಅಣ್ಣ ಕೇಳಿದರೆ ಸುಮ್ಮನಿರು ಎಂದಷ್ಟೇ ಉತ್ತರ. ಅವ್ವನಿಗೆ ಸಕ್ಕರೆ ಕಾಯಿಲೆಯೂ ಬಂದೀತೆಂಬ ಹೆದರಿಕೆ ಇರಬೇಕೆಂದುಕೊಂಡೆ. ಮುದುಕರ ಹಟಕ್ಕೆ ಮದ್ದಿಲ್ಲ ಎಂದು ಗೊಣಗಿ ಸುಮ್ಮನಾದೆ.

ಆದರೆ ಅವ್ವ ಅಪ್ಪ ಬಂದಾಗಲೆಲ್ಲ ಅಂಗೈ ಚಾಚುತ್ತಿದ್ದಳು. ಅಪ್ಪ ಖಾಲಿ ಕೈಗಳನ್ನು ಬೆನ್ನ ಹಿಂದೆ ಇಟ್ಟುಕೊಂಡು, ಬ್ಯಾಡ, ಅದು ಬ್ಯಾಡ ಅನ್ನುತ್ತಿದ್ದ. ಹಂಗಾಮು ನಡೆದಂತೆ ಅವಳ ಕೈ ಚಾಚುವುದು ಕಡಿಮೆಯಾಯಿತು. ಸಂಕ್ರಾಂತಿಗೆ ಹೋದಾಗ ಅಪ್ಪ ಒಳಗೆ ಬಂದರೂ ಅವಳು ಗೋಡೆಯ ಕಡೆಯೇ ನೋಡುತ್ತ ಕೂತಿದ್ದಳು.

ಶಿವರಾತ್ರಿ ರಜೆಯಲ್ಲಿ ನಾನು ತಡೆಯಲಾರದೆ ಅಪ್ಪನ ಮುಂದೆ ಕೂತೆ. ಅಕಿಗಿದ್ದದ್ದು ಅದೊಂದ ಚೂರು ಸುಖ, ಅದನ್ನ್ಯಾಕ ಕಸಕೊಂಡಿ ಎಂದು ಜಗಳಕ್ಕೇ ನಿಂತೆ. ಅಪ್ಪ ನನ್ನನ್ನು ಬುದ್ಧಿಯಿಲ್ಲದವಳನ್ನು ನೋಡುವಂತೆ ನೋಡಿದ.

"ನೀನೂ ಅಲ್ಲೇ ಇದ್ದೆಲ್ಲವಾ. ಕಬ್ಬಿನ ಅಂಶ ತಲಿಗೇರೈತಿ, ಅದಕ್ಕ ಒಳಗ ಉರಿ ಎದ್ದೈತಿ ಅಂತ ಡಾಕ್ಟರ ಹೇಳಲಿಲ್ಲೇನ?"

ಅಪ್ಪ ಎಷ್ಟೋ ತಿಂಗಳಿಂದ ಒಳಗೆ ಕಟ್ಟಿಟ್ಟದ್ದನ್ನು ಬಿಚ್ಚಿದ. ಲಗ್ನವಾಗಿ ಬಂದ ವರ್ಷದಿಂದ ಅವಳು ಕಬ್ಬಿನಲ್ಲೇ ಕಸ ತೆಗೆದಳು, ಕಬ್ಬಿನ ಬೆಲ್ಲವನ್ನೇ ತಿಂದಳು. ರವದಿ ಸುಡುವಾಗ ಬೆಂಕಿ ಬದು ದಾಟದಂತೆ ಹಸಿ ಗೋಣಿಚೀಲ ಹಿಡಿದು ಆ ಹೊಗೆಯಲ್ಲೇ ನಿಂತಳು. ಎಲ್ಲವೂ ತನ್ನ ಹೊಲದಿಂದಲೇ ಅವಳ ತಲೆಗೆ ಹೋಯಿತು ಎಂದ. ಬೆಲ್ಲ ಬಿಡಿಸಿದರೆ, ಹೊಗೆ ತಪ್ಪಿಸಿದರೆ ಉರಿ ಆರೀತು, ಅವಳು ಮೊದಲಿನ ಹಾಗಾದಾಳು ಎಂದು ಕಾಯುತ್ತಿದ್ದ. ಕೈ ಚಾಚಿದವಳಿಗೆ ಇಲ್ಲವೆನ್ನುವುದು ತನಗೇನು ಖುಷಿಯೇ ಎಂದು ನನ್ನನ್ನೇ ಕೇಳಿದ.

ನಾನು ಕಟ್ಟೆಯ ಮೇಲಿದ್ದ ಕುಡಗೋಲನ್ನು ಎತ್ತಿ ತೋರಿಸಿದೆ.

"ಅಪ್ಪಾ, ಕಬ್ಬಿಂದಲ್ಲ. ಕಬ್ಣ. ಈ ಕಬ್ಣ. ಬೆಲ್ಲಕ್ಕೂ ಇದಕ್ಕೂ ಸಂಬಂಧಿಲ್ಲ. ನಿನ್ನ ಹೊಲದಿಂದ ಏನೂ ಆಗಿಲ್ಲ."

ಅವನ ಎದೆಯ ಭಾರ ಇಳಿಯುತ್ತದೆ ಎಂದುಕೊಂಡಿದ್ದೆ. ಅಪ್ಪ ಕುಡಗೋಲನ್ನು ನನ್ನ ಕೈಯಿಂದ ತೆಗೆದುಕೊಂಡು ಅದರ ಬೆನ್ನಿನ ಮೇಲೆ ಹೆಬ್ಬೆರಳು ಆಡಿಸಿದ. ಅವನ ಮುಖ ನೋಡಿದರೆ, ನಾನು ಏನೋ ಕೊಟ್ಟ ಹಾಗಿರಲಿಲ್ಲ, ಇದ್ದದ್ದನ್ನೇ ಕಸಿದುಕೊಂಡ ಹಾಗಿತ್ತು.

"ಕಬ್ಬ ಆಗಿದ್ರ ಛಲೋ ಇತ್ತವಾ," ಅಂದ. "ಕಡದು ಒಗೀತಿದ್ನಿ. ಕಬ್ಣಕ್ಕ ನಾ ಏನ್ ಮಾಡ್ಲಿ?"

ಆ ಡಾಕ್ಟರರ ನಾಜೂಕು ನಾಲಿಗೆಯ ಮೇಲೆ, ನಮ್ಮ ಭಾಷೆಯ ಮೇಲೆ, ಹೌದ್ರಿ ಹೌದ್ರಿ ಎಂದು ತಲೆಯಾಡಿಸಿದ ಅಪ್ಪನ ಮೇಲೆ, ಎಲ್ಲರ ಮೇಲೂ ಸಿಟ್ಟು ಬಂತು. ಆಮೇಲೆ ಸಿಟ್ಟೂ ಉಳಿಯಲಿಲ್ಲ, ಬರೀ ದುಃಖ ಉಳಿಯಿತು.

ಅಪ್ಪ ಎದ್ದು ಹೋಗಿ ವೈನಿಯ ಹತ್ತಿರ ಬೆಲ್ಲ ಕೇಳಿದ. ಮಾವನಿಗೆ ಹೆದರಿ ಅಕ್ಕಿ ಡಬ್ಬಿಯೊಳಗೆ ಹುಗಿದಿಟ್ಟುಕೊಂಡಿದ್ದ ಒಂದು ಗಡ್ಡೆಯನ್ನು ಅವಳು ನಾಚಿಕೊಂಡೇ ಹೊರಗೆ ತೆಗೆದಳು. ಅದಕ್ಕೆ ಅಕ್ಕಿಕಾಳುಗಳು ಅಂಟಿದ್ದವು. ಅಪ್ಪ ಕಾಳುಗಳನ್ನು ಒಂದೊಂದಾಗಿ ಬಿಡಿಸಿ, ಗಡ್ಡೆಯಿಂದ ಒಂದು ಚೂರು ಒಡೆದು, ಕೈಕಾಲು ತೊಳೆದು ಬಂದು ಅವ್ವನ ಎದುರಿಗೆ ನೆಲದ ಮೇಲೆ ಕೂತ. ಆ ದಿನ ಅವನು ಹೊಲಕ್ಕೇ ಹೋಗಿರಲಿಲ್ಲ. ಆದರೂ ಕಾಲು ತೊಳೆದ.

ಅಂಗೈಯಲ್ಲಿಟ್ಟ ಬೆಲ್ಲವನ್ನು ಅವ್ವ ಮೂಸಿ ನೋಡಿದಳು. ಅರ್ಧ ಕಚ್ಚಿದಳು. ಅಪ್ಪ ಆಗಲೇ ಕೈ ಮುಂದೆ ಮಾಡಿದ್ದ. ಅವ್ವ ಆ ಕೈಯನ್ನು ನೋಡಿದಳು, ಅವನ ಮುಖವನ್ನು ನೋಡಿದಳು, ಉಳಿದರ್ಧವನ್ನು ಸೆರಗಿನ ತುದಿಯಲ್ಲಿ ಹಾಕಿ ಗಂಟು ಬಿಗಿದಳು.

"ಇದು ನಮ್ಮ ಮನ್ಯಾವ್ರಿಗಿರಲಿರಿ, ಅಜ್ಜಾರ," ಎಂದಳು. "ಹೊಲದಿಂದ ಬರೂ ಹೊತ್ತಾತು."

ಅಪ್ಪ ಚಾಚಿದ ಕೈಯನ್ನು ಮೆಲ್ಲಗೆ ಹಿಂದಕ್ಕೆ ತೆಗೆದುಕೊಂಡ. ಅಷ್ಟು ವರ್ಷ ಏ ಇಕಿನ ಎಂದೇ ಕರೆದ ಹೆಂಡತಿಗೆ ಅವನು ರೀ ಹಚ್ಚಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಆತ್ರಿ," ಎಂದ. "ಬರತಾರ್ರಿ ಅವ್ರು."